ಅಪ್ಪಟ ಚಿನ್ನದ ಕಪ್ಪೆ

ದಕ್ಷಿಣ ಅಮೆರಿಕದಿಂದ ಪ್ರದರ್ಶನಕ್ಕೆ ತಂದಿದ್ದ ಪುರಾತನ ಚಿನ್ನದ ಕಪ್ಪೆ ಮ್ಯೂಸಿಯಂ ಕಾವಲುಗಾರನ ಪಾಳಿಯಲ್ಲೇ ಕಳುವಾಯಿತು. ಸುದ್ದಿ ಹೊರಬೀಳುವ ಮೊದಲೇ ಅವನ ಹೆಂಡತಿ ಕಪ್ಪೆಯ ಫೋಟೊ ಹಿಡಿದು ಓಡಿದಳು. ಬಳೆ, ಸರ, ತಾಳಿ ಎಲ್ಲವನ್ನೂ ಅಕ್ಕಸಾಲಿಗನ ಮುಂದೆ ಸುರಿದಳು.

"ಇದೇ ಥರ ಮಾಡ್ಕೊಡಿ ಆಚಾರ್ರೇ."

"ಸ್ವಲ್ಪ ತಾಮ್ರ ಬೆರೆಸ್ಲೇನಮ್ಮಾ? ನಿನ್ನ ತಾಳಿಯಾದ್ರೂ ಉಳಿಯುತ್ತೆ."

"ಅಯ್ಯೋ ಬೇಡ! ಈ ಒಡವೆಗಳಲ್ಲಿರೋ ತಾಮ್ರಾನೂ ತೆಗೆದ್ಬಿಡಿ. ಕಲಬೆರಕೆ ಅಂತ ಗೊತ್ತಾದ್ರೆ ನಮ್ಮೆಜಮಾನ್ರು ಜೈಲಿಗೆ ಹೋಗ್ತಾರೆ."

ಕಪ್ಪೆಯನ್ನು ವಾಪಸು ಕಳಿಸುವ ದಿನ ಮ್ಯೂಸಿಯಂನ ವಿಜ್ಞಾನಿ ಅದರ ಹೊಟ್ಟೆಯಡಿ ಚೂರು ಕೆರೆದು ಪರೀಕ್ಷಿಸಿದಳು.

"ಒಳಗೂ ಅಪ್ಪಟ ಚಿನ್ನ," ಎಂದಳು.

ಬಾಗಿಲಲ್ಲಿದ್ದ ಕಾವಲುಗಾರನಿಗೆ ಹೋದ ಜೀವ ಬಂದಂತಾಯಿತು. "ಹೌದು ಮೇಡಂ, ಒಂಚೂರೂ ಕಲಬೆರಕೆ ಇಲ್ಲ."

ವಿಜ್ಞಾನಿ ಅವನನ್ನೇ ನೋಡಿದಳು.

"ಬಂದಾಗ ಇದಕ್ಕೆ ಮೈಮೇಲಷ್ಟೇ ಚಿನ್ನ, ಒಳಗೆ ಮುಕ್ಕಾಲು ಪಾಲು ತಾಮ್ರ ಇತ್ತಲ್ಲಪ್ಪಾ."