ಮಸಿ ಹಿಡಿದ ಹದಿನೇಳನೇ ಪುಡಿ

ಹಾಲಿನ ಖಾಲಿ ಕವರ್‌ಗಳಿಂದ ಎಣ್ಣೆ ತೆಗೆಯಬೇಕೆಂದು ನಾಗವೇಣಿ ಕಾಲೇಜಿನ ಲ್ಯಾಬ್‌ನಲ್ಲಿ ಮೂರು ವರ್ಷ ಬೆವರು ಸುರಿಸಿದ್ದಳು...

ಪ್ಲಾಸ್ಟಿಕ್ ಅಂದರೆ ಉದ್ದನೆಯ ಸರಪಳಿ. ಆಮ್ಲದ ಗುಣವಿರುವ ಜೇಡಿಮಣ್ಣಿನ ಪುಡಿ ಹಾಕಿ ಕಾಯಿಸಿದರೆ, ಮಲ್ಲಿಗೆ ಮಾಲೆಯನ್ನು ಮೊಳ ಮೊಳವಾಗಿ ಕತ್ತರಿಸಿದ ಹಾಗೆ ಅದು ತುಂಡಾಗಿ ತೆಳು ಎಣ್ಣೆಯಾಗುತ್ತದೆ. ಆ ಪುಡಿಗೆ ಲ್ಯಾಬ್‌ನವರು ಕ್ಯಾಟಲಿಸ್ಟ್ ಅನ್ನುತ್ತಾರೆ.

ನಾಗವೇಣಿಗೆ ಸಿಕ್ಕಿದ್ದು ಮಾತ್ರ ಬರೀ ಮೇಣ, ಹೊಗೆ!

ಆರು ತಿಂಗಳ ಹಿಂದೆ ಸೇರಿದ ತಸ್ನೀಮ್‌ಗೆ ಜೇನಿನ ಬಣ್ಣದ ಎಣ್ಣೆ ಬಂತು.

"ಏನಮ್ಮಾ ನಾಗವೇಣಿ, ನಿನ್ನೆ ಬಂದವಳು ಎಣ್ಣೆ ತೆಗೆದಳು, ನೀನಿನ್ನೂ ಹೊಗೆ ಹಾಕ್ತಾ ಕೂತಿದ್ದೀಯ?" ಲ್ಯಾಬ್ ನೋಡಿಕೊಳ್ಳುವ ಮೇಡಂ ತಮಾಷೆ ಮಾಡಿದರು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಹೊಟ್ಟೆಯೊಳಗೆ ಮಾತ್ರ ಕೆಂಡ...

ಅಂದು ತಸ್ನೀಮ್ ಹಂಚಿದ ಶಾವಿಗೆ ಪಾಯಸವನ್ನು ಅವಳು ಮುಟ್ಟದೆ ಬದಿಗಿಟ್ಟಳು.

ಒಂದು ಬೆಳಿಗ್ಗೆ ತಸ್ನೀಮ್ ಬಾಟಲಿ ಹಿಡಿದು ಓಡಿಬಂದಳು. ಅದರಲ್ಲಿದ್ದ, ಅವಳಿಗೆ ಎಣ್ಣೆ ಕೊಟ್ಟ ಬಿಳಿ ಪುಡಿ ಕಾಡಿಗೆಯಂತೆ ಕಪ್ಪಾಗಿತ್ತು.

"ಅಕ್ಕಾ, ಇದು ಕೆಲಸಾನೇ ಮಾಡ್ತಿಲ್ಲ! ನಾಳೆ ಪರೀಕ್ಷಕರ ಮುಂದೆ ಎಣ್ಣೆ ಬರದಿದ್ರೆ ನನ್ನ ಫೆಲೋಶಿಪ್ ಹೋಗುತ್ತೆ. ಏನ್ ಮಾಡ್ಲಿ?"

ನಾಗವೇಣಿಗೆ ಗೊತ್ತಿತ್ತು... ಪುಡಿ ಸತ್ತಿಲ್ಲ, ಮೇಲೆ ಮಸಿ ಕೂತಿದೆ ಅಷ್ಟೇ. ಫರ್ನೇಸ್ ಎಂಬ ಲ್ಯಾಬ್‌ನ ಕುಲುಮೆಯಲ್ಲಿ ಗಾಳಿಯಾಡಲು ಬಿಟ್ಟು ಕಾಯಿಸಿದರೆ ಮಸಿ ಸುಟ್ಟುಹೋಗುತ್ತದೆ.

"ಕೆಟ್ಟುಹೋಗಿದೆ ಕಣೇ, ಎಸೆದುಬಿಡು" ಅಂದಳು.

ತಸ್ನೀಮ್ ಕಣ್ಣು ತುಂಬಿತು. "ಹೇಗೆ ಎಸೀಲಿ ಅಕ್ಕಾ? ಇದು ನಿಮ್ಮದು..."

ನಾಗವೇಣಿ ಬಾಟಲಿ ತಿರುಗಿಸಿದಳು. ಮಾಸಿದ ಚೀಟಿ. ತನ್ನದೇ ಅಕ್ಷರ... 'ನಾಗವೇಣಿ, 17.'

ಹಿಂದೊಂದು ಮಳೆಗಾಲದಲ್ಲಿ ತೇವ ಆರಿಸದೆ ಪರೀಕ್ಷಿಸಿ, ಪ್ರಯೋಜನವಿಲ್ಲವೆಂದು ಮೂಲೆಗೆ ತಳ್ಳಿದ್ದ ಅವಳೇ ತಯಾರಿಸಿದ ಹದಿನೇಳನೇ ಪುಡಿ!

"ಕಪಾಟಿನ ಹಿಂದೆ ಸಿಕ್ತು. ನಾನು ಒಣಗಿಸಿದ್ದು ಅಷ್ಟೇ. ವರದಿಯಲ್ಲಿ ನಿಮ್ಮ ಹೆಸರೇ ಮೊದಲು ಬರೆದಿದ್ದೀನಿ. ಹೇಳೋಣ ಅಂದ್ರೆ... ಎಣ್ಣೆ ಬಂದ ದಿನದಿಂದ ನೀವು ನನ್ನ ಜೊತೆ ಮಾತೇ ಬಿಟ್ರಿ."

ನಾಗವೇಣಿ ಬಾಟಲಿಯ ಮುಚ್ಚಳ ತೆರೆದಳು. ಪುಡಿಯನ್ನು ಬಟ್ಟಲಿಗೆ ಸುರಿದು ಫರ್ನೇಸ್ ಹಚ್ಚಿದಳು.

ಸಂಜೆ ಅದರ ಬಾಗಿಲು ತೆರೆದಾಗ ಪುಡಿ ರಂಗೋಲಿ ಹಿಟ್ಟಿನಂತೆ ಬೆಳ್ಳಗಿತ್ತು!

"ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು ಕಣೇ..." ಅವಳು ಬಿಕ್ಕಿದಳು.

"ಗೊತ್ತಾಯ್ತು ಬಿಡಿ ಅಕ್ಕಾ" ತಸ್ನೀಮ್ ಕಣ್ಣೊರೆಸಿಕೊಂಡು ಕತ್ತರಿ ಚಾಚಿದಳು. "ಅಳೋದು ಆಮೇಲೆ. ಮೊದಲು ಈ ಕವರ್ ಕತ್ತರಿಸಿ ಕೊಡಿ!"

ಹೊಟ್ಟೆಕಿಚ್ಚು ಒಳ್ಳೆಯ ಮನಸ್ಸಿನ ಮೇಲೆ ಕೂರುವ ಮಸಿ... ಅದನ್ನು ಸುಟ್ಟರೆ ಸಾಕು, ಮನಸ್ಸನ್ನು ಎಸೆಯಬೇಕಿಲ್ಲ.

ಯಾರ ಗೆಲುವು ಕಂಡು ನೀವು ಮಾತು ಬಿಟ್ಟಿದ್ದೀರಿ? ಅವರ ಕೈಯಲ್ಲಿರುವ ಬಾಟಲಿಯ ಚೀಟಿಯನ್ನು ಒಮ್ಮೆಯಾದರೂ ಓದಿದ್ದೀರಾ?