ಕೆಳಮನೆಯ ಅಳು

ಗೆರ್ಲಿಂಡೆ ಈ ಮಂಗಳವಾರವೂ ಅತ್ತುಕೊಂಡೇ ಮೇಲೆ ಬಂದಳು.

ಲೋಥರ್ ಪತ್ರಿಕೆಯ ಮರೆಯಿಂದಲೇ ಹೆಂಡತಿಯ ಕೆಂಪಗಾದ ಕಣ್ಣುಗಳನ್ನು ನೋಡಿದ. ವಾರಕ್ಕೊಮ್ಮೆ ಇದೇ ಕಥೆ. ಮಧ್ಯಾಹ್ನ ಸೇಬಿನ ಕೇಕ್ ಮಾಡಿ, ದೊಡ್ಡ ಪಾಲನ್ನು ತಟ್ಟೆಗಿಟ್ಟುಕೊಂಡು ಕೆಳಮನೆಯ ಖಲಫ್‌ಗೆ ಜರ್ಮನ್ ಕಲಿಸಲು ಇಳಿದುಹೋಗುತ್ತಾಳೆ. ಬರುವಾಗ ಮುಖ ಹೀಗಿರುತ್ತದೆ.

ಖಲಫ್ ಇರಾಕಿನ ಯಜೀದಿ ಎಂಬ ಸಣ್ಣ ಧರ್ಮದವನು. ಉಗ್ರರು ಅವನ ಊರಿನ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಹೊತ್ತೊಯ್ದಿದ್ದರು. ಮೂರು ವರ್ಷದವಳಿದ್ದಾಗ ಅವರ ಕೈಗೆ ಸಿಕ್ಕ ಮಗಳು ಬೆರಿವಾನ್ ಎಲ್ಲಿದ್ದಾಳೆಂದು ಇವತ್ತಿಗೂ ಗೊತ್ತಿಲ್ಲ. ಜರ್ಮನಿಯ ಆ ಸೆಲ್ಲೆ ಪಟ್ಟಣದ ಅರ್ಧ ಜನಕ್ಕೆ ತಿಳಿದಿದ್ದ ಸಂಗತಿ ಅದು.

ಲೋಥರನ ಹೊಟ್ಟೆ ಉರಿಯುತ್ತಿದ್ದದ್ದು ಕೇಕಿಗಲ್ಲ, ಆ ಕಣ್ಣೀರಿಗೆ. ಮದುವೆಯಾದಾಗಿನಿಂದ ಅವಳು ಗಂಡನೆದುರು ಅತ್ತದ್ದೇ ಇಲ್ಲ. ತಾಯಿಯನ್ನು ಮಣ್ಣು ಮಾಡಿದ ದಿನವೂ ಕಲ್ಲಿನಂತೆ ನಿಂತಿದ್ದಳು. ಬಾಲ್ಯದ ಬಗ್ಗೆ ಕೇಳಿದರೆ, "ಯುದ್ಧದ ಕಾಲ, ಏನಿರುತ್ತೆ ಹೇಳೋಕೆ?" ಎಂದು ಏಳುತ್ತಿದ್ದಳು. ಈಗ ಮಗನ ವಯಸ್ಸಿನವನೊಬ್ಬನ ಮುಂದೆ ಕಟ್ಟೆ ಒಡೆದಿತ್ತು.

"ಅವರ ಮೇಲೆ ನಡೆದದ್ದು ನರಮೇಧ ಅಂತ ನಮ್ಮ ಸಂಸತ್ತು ಒಪ್ಕೊಂಡಿದೆಯಂತೆ," ಎಂದ, ಪತ್ರಿಕೆ ಮಡಚುತ್ತ. "ಬೇರೆ ದೇಶದ ಕೊಲೆಗಳ ಉಸಾಬರಿ ನಮಗ್ಯಾಕೆ? ಯುದ್ಧದಲ್ಲಿ ನಮ್ಮವರು ಮಾಡಿದ್ದನ್ನ ತೊಳ್ಕೊಳ್ಳೋಕೇ ಒಂದು ಜನ್ಮ ಸಾಲಲಿಲ್ಲ."

"ಬೇರೆ ದೇಶದ್ದು. ಎಷ್ಟು ಸಲೀಸಾಗಿ ಹೇಳ್ತೀಯ, ಲೋಥರ್."

"ಮತ್ತೆ? ಅಂಥದ್ದೇನು ಹೇಳ್ತಾನೆ ಅವನು, ನೀನು ಹೀಗೆ ಅಳೋಕೆ?"

"ಅವನು ಹೆಚ್ಚು ಮಾತಾಡಲ್ಲ."

ಆ ಉತ್ತರ ಅವನನ್ನು ಇನ್ನಷ್ಟು ಸುಟ್ಟಿತು. ಮಾತೂ ಬೇಡವಾಗುವಷ್ಟು ಹತ್ತಿರವಾಗಿದ್ದಾರೆಯೇ?

ಮುಂದಿನ ಮಂಗಳವಾರ ಅವಳು ಕನ್ನಡಕವನ್ನು ಮನೆಯಲ್ಲೇ ಮರೆತು ಇಳಿದುಹೋದಳು. ಅವನಿಗೆ ನೆಪ ಸಿಕ್ಕಿತು. ಗೋಡೆ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದ. ಖಲಫ್‌ನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಮೇಜು ಕಂಡಿತು. ಅದರ ಮೇಲೆ ಗೆರ್ಲಿಂಡೆಯ ಕೈ. ಅದನ್ನು ಎರಡೂ ಕೈಗಳಿಂದ ಹಿಡಿದು ಕುಳಿತಿದ್ದ ಖಲಫ್.

"ಈಗ ಅವಳು ಎಷ್ಟು ಎತ್ತರ ಆಗಿದಾಳೋ," ಎನ್ನುತ್ತಿದ್ದ ಖಲಫ್. "ಬೇರೆ ಹೆಸರಿಟ್ಟಿರ್ತಾರೆ. ಇನ್ಯಾರನ್ನೋ ಅಪ್ಪ ಅಂತಿರ್ತಾಳೆ. ನನ್ನನ್ನ ಮರ್ತಿರ್ತಾಳೆ, ಅಲ್ವಾ ಅಮ್ಮ?"

ಗೆರ್ಲಿಂಡೆ ಬಿಕ್ಕಿದಳು. ಹೊರಗೆ ಲೋಥರ್ ಹಲ್ಲು ಕಚ್ಚಿ, ಬಾಗಿಲು ತಳ್ಳಲು ಕೈ ಎತ್ತಿದ.

"ಮರೆಯಲ್ಲ ಕಣಪ್ಪ," ಎಂದಳು ಅವಳು. "ಪೋಲೆಂಡಿನ ನಮ್ಮ ಹಳ್ಳಿಯಿಂದ ಜರ್ಮನ್ ಸೈನಿಕರು ನನ್ನನ್ನ ಕಿತ್ಕೊಂಡು ಬಂದಾಗ ನಾನೂ ಅಷ್ಟೇ ಚಿಕ್ಕವಳಿದ್ದೆ, 'ಹಲಿಂಕಾ, ಹಲಿಂಕಾ' ಅಂತ ಕೂಗ್ತಾ ನಮ್ಮಪ್ಪ ಆ ಲಾರಿ ಹಿಂದೆ ಓಡಿ ಬಂದಿದ್ದು ಇವತ್ತಿಗೂ ಕಿವೀಲಿದೆ."