ಹೆಸರು ಬರೆ

ಪಂಚಾಯಿತಿ ಸಭಾಂಗಣದ ಗೋಡೆಗೆ ಬಾಗಿಲಿನಷ್ಟು ದೊಡ್ಡ ಟಚ್‌ಸ್ಕ್ರೀನ್ ಬಂದಿತ್ತು. ಅದರಲ್ಲಿ ಊರಿನ ನಕ್ಷೆ ತೆರೆದಿತ್ತು. ದಲಿತ ಕೇರಿಯಿಂದ ಗೆದ್ದುಬಂದ ಮೊದಲ ಅಧ್ಯಕ್ಷೆಗೆ ಅದನ್ನು ಬಳಸಲು ಕಲಿಸುತ್ತಿದ್ದವನು ಉಪಾಧ್ಯಕ್ಷ, ಊರ ಗೌಡರ ಮಗ.

“ಎರಡು ಬೆರಳು ಅಗಲಿಸಿದ್ರೆ ನಕ್ಷೆ ದೊಡ್ಡದಾಗುತ್ತೆ. ಅಂಗೈಯಲ್ಲಿ ಒರೆಸಿದ್ರೆ ಗೀಚಿದ್ದು ಅಳಿಸುತ್ತೆ. ತಲೆಗೆ ಹೋಯ್ತಾ? ಈಗ ತೋರುಬೆರಳಲ್ಲಿ ನಿನ್ನ ಹೆಸರು ಬರೆ.”

ಆಕೆ ನಡುಬೆರಳು ಚಾಚಿದಳು.

“ತೋರುಬೆರಳು ಅಂದೆ!”

ಆಕೆ ತೋರುಬೆರಳು ಊರಿ ಎಳೆದಳು. ಒಂದು ಗೆರೆಯೂ ಮೂಡಲಿಲ್ಲ. ಸದಸ್ಯರು ಕಿಸಕ್ಕನೆ ನಕ್ಕರು.

“ಮುಟ್ಟೋಕೂ ಬರಲ್ವಾ ನಿನಗೆ? ಸರಿಯಾಗಿ ಮುಟ್ಟಿ ಬರೆ!”

“ಮುಟ್ಟೇ ಬರೀತಿದೀನಿ. ಈ ಬೆರಳ ತುದಿ ಸುಟ್ಟು ಕೊರಡಾಗಿದೆ. ಅದಕ್ಕೇ ಮುಟ್ಟಿದ್ದು ಈ ಮಷೀನಿಗೆ ಗೊತ್ತಾಗ್ತಿಲ್ಲ.”

“ಒಲೇಲಿ ಬೆರಳು ಸುಟ್ಕೊಂಡು ತಪ್ಪು ಮಷೀನಿನ ಮೇಲೆ ಹಾಕ್ತೀಯಾ?”

ಆಕೆ ಹೆಬ್ಬೆರಳು, ನಡುಬೆರಳು ಇಟ್ಟು ನಕ್ಷೆಯನ್ನು ಅಗಲಿಸಿದಳು. ಊರ ನಡುವಿನ ಬಾವಿ ಪರದೆ ತುಂಬ ಬಂದು ನಿಂತಿತು.

“ಏಳು ವರ್ಷದವಳಿದ್ದಾಗ ಈ ಬಾವಿಯ ಹಗ್ಗ ಮುಟ್ಟಿದ್ದೆ, ಗೌಡ್ರೇ. ಅವತ್ತು ನಿಮ್ಮಪ್ಪ ಕುಡುಗೋಲು ಕಾಯಿಸಿ ಈ ಬೆರಳಿಗೆ ಹಾಕಿದ್ದೂ ಬರೆನೇ.”